ಹನ್ನೊಂದನೆಯ ಸಾಲು

ಮುಹು ದ್ವೀಪದಲ್ಲಿ ಫೆಬ್ರವರಿ.
ಎಂಟಾದರೂ ಕಿಟಕಿಗೆ ಬೆಳಕಿನ ನೆನಪಿಲ್ಲ.
ಜವೆಗೋಧಿ ನುಚ್ಚು ಕುದಿಯಲಿಟ್ಟು ಮೈಮು
ಅರ್ಧ ಹೆಣೆದ ಕೈಗವಸು ಎತ್ತಿಕೊಳ್ಳುತ್ತಾಳೆ:
ಕಿತ್ತಳೆ, ಗುಲಾಬಿ, ನಡುವೆ ಕಪ್ಪು ನಕ್ಷತ್ರ.

ಆಸ್ಪತ್ರೆಯಿಂದ ಬಂದಮೇಲೆ ಬೆರಳುಗಳಿಗೆ
ಎಣಿಕೆ ಮರೆತಿದೆ.
ಹನ್ನೊಂದನೆಯ ಸಾಲಲ್ಲಿ ಮತ್ತೆ ಒಂದು ಕುಣಿಕೆ ಹೆಚ್ಚು.
ಮೂರು ಸಲ ಬಿಚ್ಚಿದ್ದಾಳೆ.
ಬಿಚ್ಚುವಾಗೆಲ್ಲ ಬಾಯಿಗೆ ಅದೇ ಮಾತು:
"ದಡ್ಡಿ, ಇಷ್ಟೂ ಬರದೆ?"
ಅವಳ ದನಿಯಲ್ಲ ಅದು;
ಎರಡನೇ ತರಗತಿಯ ಟೀಚರದು,
ಸತ್ತು ಮೂವತ್ತು ವರ್ಷ.

ಒಲೆಯ ಪಕ್ಕ ಮರದ ದೋಣಿಯಲ್ಲಿ ರೈ ಹಿಟ್ಟು
ಬಟ್ಟೆ ಹೊದ್ದು ಮಲಗಿದೆ. ಚಳಿಗೆ ಇನ್ನೂ ಉಬ್ಬಿಲ್ಲ.
ಬಟ್ಟೆ ಸರಿಸಿ, ಹುಳಿ ಮೂಸಿ
"ಇರಲಿ ಬಿಡೆ, ನಿನಗಾದಾಗ ಏಳು" ಅನ್ನುತ್ತಾಳೆ.
ಅಂದದ್ದು ಅವಳಿಗೇ ಕೇಳಿಸುತ್ತದೆ.

ಸೌಟು ಕೈಯಲ್ಲೇ ನಿಂತಿತು.
ಹಿಟ್ಟಿಗೆ ಅಂದಷ್ಟು ಮೆತ್ತಗೆ
ಈ ಮೈಗೆ ಯಾರು, ಯಾವಾಗ ಅಂದಿದ್ದರು?
ಅಷ್ಟರಲ್ಲಿ ಗಂಜಿ ತಳ ಹಿಡಿಯಿತು.

ಹಿಡಿಯಲಿ.
ಮೇಲಿನದನ್ನು ಬಡಿಸಿಕೊಂಡು
ನಡುವೆ ಗುಳಿ ತೋಡಿ ಬೆಣ್ಣೆಯಿಟ್ಟು
ಸಿಂಕಿನ ಬಳಿ ನಿಂತಲ್ಲ, ಇವತ್ತು
ಕುರ್ಚಿ ಎಳೆದು ಕೂತು ಉಣ್ಣುತ್ತಾಳೆ.
ಬೆಣ್ಣೆ ಕರಗಿ ಹಳದಿ ಕೊಳ.
ನುಚ್ಚು ಒಂದೊಂದಾಗಿ ಹಲ್ಲಿಗೆ ಸಿಗುತ್ತದೆ.
ಹೊಟ್ಟೆಯ ಮೇಲಿನ ಹೊಲಿಗೆ ತುಸು ತುರಿಸುತ್ತದೆ,
ಕೂಡಿಕೊಳ್ಳುತ್ತಿರಬೇಕು.

ಆಮೇಲೆ ಹನ್ನೆರಡನೆಯ ಸಾಲು.
ಹೆಚ್ಚಿನ ಕುಣಿಕೆ ಹಾಗೇ ಇದೆ.
ನಕ್ಷತ್ರದ ಒಂದು ಕಾಲು ಉದ್ದವಾಗಿ
ಹೆಬ್ಬೆರಳ ಕಡೆ ಚಾಚಿದೆ.
ದೋಣಿಯ ಬಟ್ಟೆ ನಡುವೆ
ಒಂಚೂರು ಮೇಲೆದ್ದ ಹಾಗಿದೆ,
ಅಥವಾ ಅವಳಿಗೆ ಹಾಗನ್ನಿಸಿತು.