ಹೆಬ್ಬೆಟ್ಟಿಗೆ ಬೀಗ

ಕೈಕಂಬದ ರೇಶನ್ ಅಂಗಡಿಯ ಮೆಷಿನು ನನ್ನನ್ನು ಒಪ್ಪುವುದಿಲ್ಲ.
ಮೂರು ಸಲ ಒತ್ತಿದರೆ ಮೂರು ಸಲವೂ ಕೆಂಪು.
'ಸೋಪು ಹಾಕಿ ತೊಳೆದು ಬನ್ನಿ ಜಲಜಕ್ಕ'
ಎನ್ನುತ್ತಾನೆ ವಿಕ್ಟರ್, ಪಾಪದವನು.
ತೊಳೆದರೆ ಕಾಣಲಿಕ್ಕೆ ಅಲ್ಲಿ ಎಂಥ ಉಂಟು?
ಮೂವತ್ತೊಂದು ವರ್ಷ, ದಿನಕ್ಕೆ ಸಾವಿರ ಬೀಡಿ,
ಎಲೆ ಕತ್ತರಿಸಿ, ಸೊಪ್ಪು ತುಂಬಿ, ಸುರುಳಿ ಸುತ್ತಿ
ನೂಲು ಕಟ್ಟಿ ಕಟ್ಟಿ
ಬೆರಳಿನ ಗೆರೆಯೆಲ್ಲ ಬ್ರಾಂಚಿಗೆ ಹೋಗಿ ಆಗಿದೆ,
ಯಾರ್‍ಯಾರದೋ ತುಟಿಯಲ್ಲಿ ಸುಟ್ಟಿದೆ.

ಆದರೆ ಹೆಸರು ಬಾಯಿಗೆ ತಿರುಗದ ಯಾವುದೋ ಊರಿನಲ್ಲಿ
ನನ್ನದೇ ಹೆಬ್ಬೆಟ್ಟು
ಒಂದೇ ಸಲಕ್ಕೆ ಹಸಿರು.
ಹತ್ತು ಸಾವಿರ.
ಮಧ್ಯಾಹ್ನ ಎರಡೂ ಹತ್ತಕ್ಕೆ. ಅದೇ ಹೊತ್ತಿಗೆ ಅದೇ ಬೆರಳು
ಇಲ್ಲಿ, ತಡ್ಪೆಯ ಮೇಲೆ, ಬೀಡಿಯ ಬಾಯಿ ಮುಚ್ಚುತ್ತಿತ್ತು.

'ನಿಮ್ಮ ಬೆರಳೇ ತೆಗೆದದ್ದಮ್ಮ,
ಮೆಷಿನ್ ಸುಳ್ಳು ಹೇಳ್ತದಾ?' ಎಂದ ಬ್ಯಾಂಕಿನ ಹುಡುಗ.
ಹೇಳ್ತದೆ ಮಗಾ.
ತಿಂಗಳಿಗೊಮ್ಮೆ, ಅಕ್ಕಿ ಕೊಡುವ ದಿನ.

ಪಾಲಾದದ್ದು ಕಳೆದ ವರ್ಷ. ಅಣ್ಣಂದಿರಿಬ್ಬರು, ನಾನು.
ನನ್ನ ಪಾಲಿಗೆ ಬಾವಿಕಟ್ಟೆ ಸೇರಿ ಏಳು ಸೆಂಟ್ಸು.
ನೋಂದಣಿ ಕಚೇರಿಯ ಹೆಂಗಸು
'ಇನ್ನೊಮ್ಮೆ, ಇನ್ನೊಂಚೂರು' ಎನ್ನುತ್ತ
ನನ್ನ ಬೆರಳನ್ನು ತಾನೇ ಹಿಡಿದು ಒತ್ತಿದಳು,
ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ.
ಕೊನೆಗೂ ಸಿಕ್ಕಿತು, ಉಳಿದಿದ್ದ ನಾಲ್ಕು ಗೆರೆ.
ಅದನ್ನೇ ಕದ್ದರು.
ಎಲ್ಲಿಂದ, ಯಾವ ಬಾಗಿಲಿಂದ, ಯಾರೂ ಹೇಳಲಿಲ್ಲ.
'ಸೋರಿಕೆ' ಎಂದರು ಪಾಂಡೇಶ್ವರದ ಠಾಣೆಯಲ್ಲಿ,
ಮಾಡಿನ ಒಂದು ಹಂಚು ಸರಿಸಿದರೆ
ನಿಲ್ಲುತ್ತದೆ ಎಂಬ ಹಾಗೆ.

ಅಮ್ಮ ಹೆಬ್ಬೆಟ್ಟು.
ಬೀಡಿ ಲೆಕ್ಕದ ಪುಸ್ತಕಕ್ಕೆ ನೀಲಿ ಒತ್ತಿ ಬಂದ ದಿನವೆಲ್ಲ
ಬೆರಳನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದಳು.
ಅದಕ್ಕೇ ನನ್ನನ್ನು ಏಳನೆಯವರೆಗೆ ದೂಡಿದಳು:
'ಸೈನ್ ಹಾಕಲಿಕ್ಕೆ ಬಂದರೆ ಸಾಕು, ಯಾರೂ ಮೋಸ ಮಾಡುವುದಿಲ್ಲ.'
ನನ್ನ ಸೈನ್ ಚಂದ ಉಂಟು.
ಕೊನೆಯ ಅಕ್ಷರಕ್ಕೆ ಬಾಲ ಎಳೆಯುತ್ತೇನೆ.
ಈಗ ಯಾರಿಗೂ ಅದು ಬೇಡ.

'ಬೆರಳಿಗೆ ಬೀಗ ಹಾಕುವ' ಎಂದಳು
ಸೇವಾ ಕೇಂದ್ರದ ಮಿಸ್ರಿಯಾ. ನಾನು ನಕ್ಕೆ.
ಅವಳು ನಗಲಿಲ್ಲ. ಅವಳ ಉಮ್ಮನದ್ದು ಎರಡು ಸಲ ಹೋಗಿತ್ತು.
ಸೈಬರಿನವರಿಗೆ ಫೋನು, ಠಾಣೆಗೆ ಅರ್ಜಿ,
ಬ್ಯಾಂಕಿಗೆ ಅದರ ಜೆರಾಕ್ಸು, ಸೀಲು ಬಿದ್ದ ಪ್ರತಿ ನಮ್ಮ ಕೈಯಲ್ಲಿ,
'ಕಳಕೊಳ್ಳಬೇಡಿ ಜಲಜಕ್ಕ, ಇದೊಂದು ಕಾಗದ.'
ಮೊಬೈಲಿನಲ್ಲಿ ಕೆಂಪು ಬೀಗದ ಚಿತ್ರ ಬಂತು:
ನನ್ನ ಹತ್ತು ಬೆರಳು, ಎರಡು ಕಣ್ಣು, ಎಲ್ಲ ಒಳಗೆ.

ಈಗ ಅಕ್ಕಿ ಬೇಕಾದರೆ ಮೊದಲು ಬೀಗ ತೆಗೆಯಬೇಕು.
ಹತ್ತು ನಿಮಿಷ ತೆರೆದಿರುತ್ತದೆಯಂತೆ. ಅಷ್ಟರೊಳಗೆ
ಕ್ಯೂ ಕರಗಬೇಕು, ನೆಟ್‌ವರ್ಕ್ ಸಿಗಬೇಕು,
ವಿಕ್ಟರನ ಮೆಷಿನಿಗೆ ಮನಸ್ಸಾಗಬೇಕು.
ಹತ್ತು ನಿಮಿಷ ನಾನು ಜಲಜಾಕ್ಷಿ.
ಉಳಿದ ತಿಂಗಳಿಡೀ ಯಾರೂ ಅಲ್ಲ,
ಕಳ್ಳನಿಗೂ ಅಲ್ಲ.

ನಿನ್ನೆ ಒಬ್ಬ ಫೋನು ಮಾಡಿದ.
ಹೋದ ಹಣ ಹಿಂದೆ ಬಂದಿದೆ, ಮೊಬೈಲಿಗೆ ಬಂದ ನಂಬರ್ ಹೇಳಿದರೆ ಸಾಕು.
ಎಷ್ಟು ಮರ್ಯಾದೆ ಮಾತಿಗೆ!
ನನ್ನ ಹೆಸರು, ಅಪ್ಪನ ಹೆಸರು, ಸರ್ವೆ ನಂಬರು, ಏಳು ಸೆಂಟ್ಸು,
ಬಾವಿಯ ನೀರಿನ ರುಚಿ ಒಂದು ಬಿಟ್ಟು ಎಲ್ಲ ಗೊತ್ತಿತ್ತು.
'ಈರ್ ಏರ್?' ಎಂದೆ.
ಅತ್ತ ಮೌನ.
ತುಳು ಇನ್ನೂ ಸೋರಿಲ್ಲ ಎಂದುಕೊಂಡು ಕಟ್ ಮಾಡಿದೆ.
ಕೈ ಮಾತ್ರ ಸುಮಾರು ಹೊತ್ತು ನಡುಗುತ್ತಿತ್ತು.

ಸಂಜೆ ಚಾ ಕುಡಿದು ಲೋಟ ಇಟ್ಟರೆ
ಸ್ಟೀಲಿನ ಮೇಲೆ ಮಂಜು ಮಂಜಾದ ಒಂದು ಗುರುತು.
ಒರೆಸಲಿಕ್ಕೆಂದು ಸೆರಗು ಎತ್ತಿದವಳು
ಮೊದಲು ಬೆಳಕಿಗೆ ಹಿಡಿದೆ,
ಗೆರೆ ಉಂಟಾ ಅಂತ.