ಎಡ ಮಂಡಿಯ ಮಣ್ಣು

ಪುಸ್ತಕ ವಾಪಸು ಬಂದದ್ದು ಹನ್ನೊಂದು ದಿನ ತಡವಾಗಿ.
ತಡದ ದಂಡ ಬೇರೆ, ಗೀಚಿದ ದಂಡ ಬೇರೆ;
ಮೋಬೀಲ್ ಊರಿನ ಈ ಲೈಬ್ರರಿಯಲ್ಲಿ
ಇಪ್ಪತ್ತು ವರ್ಷದಿಂದ ಎರಡನ್ನೂ ಬರೆಯುವವನು ನಾನೇ.

ಎಜ್ರಾ ಟಾಲಿವರ್‌ನ ಜೀವನ, ಚಿತ್ರಗಳಲ್ಲಿ.
ಹದಿಹರೆಯದವರಿಗೆ, ಎಂದು ಬೆನ್ನಿಗೆ ಹಸಿರು ಚೀಟಿ.
ರಟ್ಟಿನ ಮೇಲೆ ಅವನು ನೆಲ ಮೂಸುವಷ್ಟು ಬಗ್ಗಿ
ಎಡಗೈಯಿಂದ ಚೆಂಡೆಸೆಯುತ್ತಿದ್ದಾನೆ, ಬೆರಳು ಹುಲ್ಲು ಸವರುತ್ತ.
ಚೆಂಡಿನ ಬಾಲಕ್ಕೆ ಹಳದಿ ಗೆರೆಗಳು.
ಬ್ಯಾಟು ಹಿಡಿದವನು ತೆರೆದ ಬಾಯಿ ಇನ್ನೂ ಮುಚ್ಚಿಲ್ಲ.

ರಬ್ಬರು ಹಿಡಿದು ಕೂತೆ.
ಹದಿನೇಳನೆಯ ಪುಟ: ಬಸ್ಸು. ಕರಿಯರಿಗೆ ಕೋಣೆಯಿಲ್ಲ ಎಂದ
ಮೂರನೆಯ ಹೋಟೆಲಿನ ದೀಪ ಹಿಂದೆ ಸರಿಯುತ್ತಿದೆ,
ಇಡೀ ತಂಡ ಸೀಟುಗಳಲ್ಲೇ ಮುದುಡಿ ಗೊರ್ ಗೊರ್.
ಅಲ್ಲಿ ಪೆನ್ಸಿಲು ಏನೂ ಹೇಳಿಲ್ಲ.
ಮೂವತ್ತೊಂದರಲ್ಲಿ ಚೆಂಡು ಗ್ಲೌಸಿಗೆ ಬಿದ್ದು
ಢಾಂ! ಕೆಂಪಕ್ಷರ, ಅರ್ಧ ಪುಟ.
ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಣ್ಣಗೆ:
ಫಟ್. ಒದ್ದೆ ದುಪ್ಪಟಿ ಕೊಡವಿದ ಹಾಗೆ.

ಆಮೇಲೆ ಪುಟ ಪುಟಕ್ಕೂ ಒಂದೇ ಹಟ.
ಚಿತ್ರಕಾರ ಬಲ ಮಂಡಿಗೆ ಬಳಿದ ಕೆಮ್ಮಣ್ಣನ್ನು ಅಡ್ಡಗೆರೆ ಎಳೆದು ಹೊಡೆದು
ಎಡ ಮಂಡಿಗೆ ಪೆನ್ಸಿಲಿನ ಮಸಿ, ಹೆಬ್ಬೆರಳಲ್ಲಿ ತಿಕ್ಕಿ ಹರಡಿದ್ದು.
ನಲವತ್ತಾರು ಕಡೆ ಎಣಿಸಿದೆ.
ಗೆದ್ದ ಆಟದಲ್ಲಿ, ಸೋತ ಆಟದಲ್ಲಿ,
ಅವನ ಮದುವೆಯ ಚಿತ್ರದಲ್ಲೂ ಸಹ. ಅದು ಅತಿಯಾಯಿತು.

ಡೆಲ್ಫೀನ್ ಬಂದಳು, ಚೂಯಿಂಗ್ ಗಮ್ ಜಗಿಯುತ್ತ.
ಕೇಳಿದೆ. ತಲೆ ತಗ್ಗಿಸಲಿಲ್ಲ.
"ಮುತ್ತಜ್ಜಿ ಓಡೆಸಾ ಮಾಡಿಸಿದ್ದು, ಮಿಸ್ಟರ್ ಚಸ್ಟ್ಯಾಂಗ್.
ಅವಳಿಗೆ ಈಗ ತೊಂಬತ್ತಾರು, ಆಗ ಒಂಬತ್ತು.
ಅವಳಮ್ಮ ತಂಡದ ಬಟ್ಟೆ ಒಗೆಯುತ್ತಿದ್ದಳು.
ಆಟಕ್ಕೆ ಟಿಕೆಟು ಕೊಳ್ಳಲು ಕಾಸೆಲ್ಲಿಂದ?
ಬೇಲಿಯಾಚೆ ನಿಂತು ಸದ್ದು ಕೇಳುವುದು,
ಮಿಕ್ಕದ್ದನ್ನು ಸೋಮವಾರ ಪ್ಯಾಂಟು ನೋಡಿ ತಿಳಿಯುವುದು.
ಯಾರು ಜಾರಿದ, ಯಾರು ಬಿದ್ದ,
ಯಾರು ಇಡೀ ದಿನ ಬೆಂಚಿನ ಮೇಲೆ ಕೂತೇ ಇದ್ದ.
ಟಾಲಿವರ್‌ನದು ಯಾವಾಗಲೂ ಎಡ ಮಂಡಿ.
ನಂಬಿಕೆಯಿಲ್ಲದಿದ್ದರೆ ನೀವೇ ಬಗ್ಗಿ ನೋಡಿ."

ಒಳಗೆ ಬೇರೆ ಯಾರೂ ಇರಲಿಲ್ಲ.
ಎಡಗೈಯಲ್ಲಿ ರಬ್ಬರು, ಬಲಗಾಲು ಮುಂದೆ ಚಾಚಿ
ಕೌಂಟರಿನ ಹಿಂದೆ ಬಗ್ಗಿದೆ, ಇನ್ನೂ ಬಗ್ಗಿದೆ.
ಲಟಕ್ಕೆಂದಿತು ಎಲ್ಲೋ ಸೊಂಟ.
ನೆಲಕ್ಕೆ ತಾಗಿದ್ದು ಎಡ ಮಂಡಿಯೇ.
ಹುಡುಗಿ ನಗಲಿಲ್ಲ. ಪರೀಕ್ಷಕರ ಹಾಗೆ ತಲೆಯಾಡಿಸಿದಳು.

ತಡದ ದಂಡ ಮಾತ್ರ ಇಸಿದುಕೊಂಡೆ.
ಅವಳು ಹೋದ ಮೇಲೆ ಕೊನೆಯವರೆಗೂ ತಿರುವಿದೆ:
ಕಂಚಿನ ಫಲಕದಲ್ಲಿ ಅವನ ಮುಖ, ಟೋಪಿ ತೆಗೆದ ಜನ,
ಆಕಾಶಕ್ಕೆ ಚಿತ್ರಕಾರ ಚೆಲ್ಲಿದ ಅಷ್ಟೂ ನೀಲಿ.
ಎದುರಿನ ಖಾಲಿ ಪುಟದಲ್ಲಿ ಅಕ್ಷರ ಬೇರೆ.
ನಡುಗುವ ಕೈ, ಆದರೆ ಸಾಲು ಸೊಟ್ಟಗಿಲ್ಲ:

ಟಾಲಿವರ್. ಪ್ಯಾಂಟು ನಾಲ್ಕು.
ಕಲೆಗೆ ವಿನಿಗರ್, ಅದರ ಲೆಕ್ಕ ಬೇರೆ.
ಒಟ್ಟು ಮೂವತ್ತು ಸೆಂಟು.
ಅಮ್ಮನಿಗೆ ಇನ್ನೂ ಬಂದಿಲ್ಲ.