ಹತ್ತರಳಿ

ಸುಂಟಿಕೊಪ್ಪದಿಂದ ಒಳಗೆ ಆರು ಮೈಲಿ.
ಗೇಟಿನ ಬೋರ್ಡಿನಲ್ಲಿ: ಹತ್ತರಳಿ ಎಸ್ಟೇಟ್.
ಜೀಪಿಳಿದವನೇ ಅರಳಿಮರ ಹುಡುಕಿದೆ.
ಸಿಲ್ವರ್ ಓಕು, ಮೆಣಸಿನ ಬಳ್ಳಿ ಹೊತ್ತ ಹಾಲುವಾಣ,
ಒಂದು ಮುದಿ ಹಲಸು.
ಅರಳಿ ಒಂದೂ ಇಲ್ಲ.

ಚೋಂದಮ್ಮನವರು ನಕ್ಕರು:
"ದೊರೆ ಇಟ್ಟದ್ದು ಹ್ಯಾಥರ್ಲಿ ಅಂತ, ಅವನ ಊರಿನ ಹೆಸರು.
ಆಳುಗಳ ಬಾಯಲ್ಲಿ ಮೂರೇ ಮಳೆಗಾಲಕ್ಕೆ
ಹೀಗಾಯಿತು."

ಇಲಾಖೆಯ ನಮೂನೆಯಲ್ಲಿ ಇಪ್ಪತ್ತಮೂರು ಕಲಮು.
ಮೊದಲನೆಯದೇ, ಕಟ್ಟಡದ ಹೆಸರು.
ಪೆನ್ಸಿಲಿನಲ್ಲಿ ಎರಡನ್ನೂ ಬರೆದು ಮುಂದಕ್ಕೆ ಹೋದೆ.

ಟೇಪಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ಬೊಳ್ಳಿಯ ಕೈಲಿ.
ಮುಂಬಾಗಿಲು: ಎಂಟಡಿ ಎರಡಂಗುಲ, ಬೀಟೆ.
ಗೋಡೆಯ ದಪ್ಪ: ಇಪ್ಪತ್ತೇಳಂಗುಲ.
ಗಾರೆ: ಸುಣ್ಣ, ಮರಳು, ಬೆಲ್ಲ.
"ಬೆಲ್ಲವಾ?"
ಬೊಳ್ಳಿ ಉಗುರಲ್ಲಿ ಕೆರೆದು ಮೂಸಿದಳು,
ಸೀರೆಗೆ ಒರೆಸಿಕೊಂಡಳು.

ಹೊರಗೋಡೆಯ ಕರಿ ತೊಲೆಗಳು ತೊಲೆಗಳೇ ಅಲ್ಲ.
ಅವನ ಸೀಮೆಯ ಹಳೇ ಮನೆಗಳಿಗೆ
ಮರದ ಮೂಳೆ ಹೊರಗೇ ಕಾಣುತ್ತದಂತೆ.
ಇಲ್ಲಿ ಹಾಗೆ ಬಿಟ್ಟರೆ ಗೆದ್ದಲಿಗೆ ಹಬ್ಬ.
ಅದಕ್ಕೇ ಬಿಳಿ ಗಾರೆಯ ಮೇಲೆ ಟಾರಿನ ಪಟ್ಟಿ ಎಳೆಸಿದ,
ಅಡ್ಡ, ಉದ್ದ, ಓರೆ,
ಮನೆಯ ಮೈಮೇಲೆ ತನ್ನೂರನ್ನು ಹಚ್ಚೆ ಹೊಯ್ಸಿದ ಹಾಗೆ.

ಅಗ್ಗಿಷ್ಟಿಕೆ ಐದು. ಸರಿಯಾಗಿ ಉರಿದದ್ದು ಒಂದೇ.
ಉಳಿದ ನಾಲ್ಕರಲ್ಲಿ ಹೊಗೆ ಮೇಲೇರಲೊಲ್ಲದೆ
ಬಂದು ಕುರ್ಚಿಗಳಲ್ಲಿ ಕೂತಿತು.

ಬೋರರ್ ಹುಳು ಕಾಫಿಯ ಕಾಂಡ ಕೊರೆದ ವರ್ಷ
ದೊರೆ ಇದನ್ನು ಭಾವಮೈದುನನಿಗೆ ಮಾರಿದ,
ಅವನು ಕಂಪನಿಗೆ, ಕಂಪನಿ ಇನ್ನೊಬ್ಬ ದೊರೆಗೆ.
ಆ ಕೊನೆಯವನು ಹಡಗು ಹತ್ತುವಾಗ
ಕೊಂಡವರು ಅವನ ರೈಟರು, ಕೊಟ್ಟಿಯಂಡ ಮೊಣ್ಣಪ್ಪ,
ಚೋಂದಮ್ಮನವರ ತಾತ.
ಇಪ್ಪತ್ತೊಂದು ವರ್ಷ ಮೆಟ್ಟಿಲ ಕೆಳಗೆ ನಿಂತು
ಲೆಕ್ಕ ಒಪ್ಪಿಸಿದವರು.
ರಿಜಿಸ್ಟ್ರಿಯಾದ ರಾತ್ರಿ ಒಳಗೆ ಹೋದರು,
ಕೋಣೆಕೋಣೆಗೂ ದೀಪ ಹಚ್ಚಿದರು,
ಮಲಗಿದ್ದು ಮಾತ್ರ ವೆರಾಂಡದಲ್ಲಿ,
ಬೂಟು ಬಿಚ್ಚಿ ತಲೆಯಡಿಗಿಟ್ಟುಕೊಂಡು.

ಅಡುಗೆಮನೆಯಿಂದ ಊಟದ ಹಾಲಿಗೆ ಬರುವ ಬಾಗಿಲು
ಕೊನೆಗೆ ಅಳೆದೆವು.
ನಾಲ್ಕಡಿ ಹತ್ತಂಗುಲ.
"ತಪ್ಪಿರಬೇಕು, ಇನ್ನೊಮ್ಮೆ ಹಿಡಿ."
ನಾಲ್ಕಡಿ ಹತ್ತೇ.
"ತಟ್ಟೆ ತರುವವರು ತಲೆ ಬಗ್ಗಿಸಿಯೇ ಬರಲಿ ಅಂತ,"
ಎಂದರು ಚೋಂದಮ್ಮ, ಅಂಗಳದ ಕಡೆ ನೋಡುತ್ತ.

ನನ್ನ ಹಣೆಗೆ ಆಗಲೇ ಏಟು ಬಿದ್ದಿತ್ತು.
ಬೊಳ್ಳಿಗೆ ಬೀಳಲಿಲ್ಲ.
ಅವಳಜ್ಜಿ ಇಲ್ಲಿಗೆ ನೀರು ಹೊತ್ತವಳು.
ಬಾಗಿಲು ಬರುವ ಮೊದಲೇ
ಅವಳ ಕುತ್ತಿಗೆಗೆ ಗೊತ್ತಿತ್ತು.

"ಸಂರಕ್ಷಿತ ಅಂದರೆ, ಒಂದು ಮೊಳೆ ಹೊಡೆಯಕ್ಕೂ ನಿಮ್ಮ ಅಪ್ಪಣೆ ಬೇಕಾ?"
"ಬೇಕು."
"ಈ ಬಾಗಿಲು ಎತ್ತರಿಸಕ್ಕೆ?"
"ಅದಕ್ಕಂತೂ ಬೇಕು."
ಬೊಳ್ಳಿ ಟೇಪು ಸುತ್ತಿದಳು, ನಿಧಾನಕ್ಕೆ,
ಹತ್ತಂಗುಲ, ನಾಲ್ಕಡಿ, ಸೊನ್ನೆ ಎಲ್ಲ ಒಳಗೆ ಹೋಗುವವರೆಗೆ.

ಸಂಜೆ ಏಣಿ ಹಾಕಿ ಸೂರು ಹತ್ತಿದರೆ
ಉರಿಯದ ಚಿಮಣಿಯೊಂದರ ಬಿರುಕಿನಲ್ಲಿ
ಗೇಣುದ್ದದ ಸಸಿ. ತಾಮ್ರದ ಬಣ್ಣದ ಐದೆಲೆ,
ಒಂದೊಂದಕ್ಕೂ ಚೂಪು ಬಾಲ.
ಯಾವ ಹಕ್ಕಿ ಉದುರಿಸಿತೋ.
ನಿಯಮ ಹನ್ನೊಂದು: ಗೋಡೆಯಲ್ಲಿ ಬೇರಿಳಿಸುವ ಗಿಡವನ್ನು
ಕಂಡ ಕೂಡಲೇ ಕೀಳತಕ್ಕದ್ದು.

"ಏನದು?" ಕೆಳಗಿನಿಂದ ಚೋಂದಮ್ಮ.
"ಅರಳಿ."
"ಎಷ್ಟು?"
"ಒಂದು."
"ಇನ್ನೂ ಒಂಬತ್ತು ಬಾಕಿ,"
ಏಣಿ ಹಿಡಿದುಕೊಂಡೇ ಎಂದಳು ಬೊಳ್ಳಿ.

ಇಳಿದು ಬಂದೆ.
ಎರಡು ಹೆಸರಲ್ಲಿ ಒಂದನ್ನು ರಬ್ಬರಿನಲ್ಲಿ ಅಳಿಸಿದೆ,
ಉಳಿದದ್ದರ ಮೇಲೆ ಶಾಯಿ ತಿದ್ದಿದೆ.
ಗಿಡಗಂಟಿಯ ಕಲಮನ್ನು
ಖಾಲಿ ಬಿಟ್ಟೆ.